ಇಸುಬು ಮೈಮೇಲೆ, ಪುಡಿ ಹೊಟ್ಟೆಗೆ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಇಸುಬು. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳೆ. ‘ಹೊಟ್ಟೆ ಕೆಟ್ಟಿದೆ, ಅದೇ ಮೈಮೇಲೆ ಬಂದಿದೆ’ ಎನ್ನುತ್ತಾರೆ ಅತ್ತೆ. ಮೆಡಿಕಲ್ ಶಾಪಿನಲ್ಲಿ ಪ್ರೊಬಯೋಟಿಕ್ ಪುಡಿ ಕೊಟ್ಟಿದ್ದಾರೆ. ಮೊಸರು ನಿಲ್ಲಿಸಿದ್ದೇವೆ. ಸರಿಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊಸರು ತಿಂದ ಕೂಡಲೇ ದದ್ದು, ವಾಂತಿ ಆಗುತ್ತಿರಲಿಲ್ಲ ಅಲ್ವಾ? ಹಾಗಾದರೆ ಇವತ್ತಿನಿಂದಲೇ ಮತ್ತೆ ಕೊಡಿ. ಮೊಸರು ಬಿಡಿಸಿ ಪ್ರೊಬಯೋಟಿಕ್ ತಿನ್ನಿಸುವುದು ತಮಾಷೆಯೇ. ಎರಡರಲ್ಲೂ ಇರುವುದು ಹೆಚ್ಚುಕಮ್ಮಿ ಒಂದೇ ಬಳಗದ ಬ್ಯಾಕ್ಟೀರಿಯಾ.

ನಿಮ್ಮ ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಫಿನ್ಲೆಂಡಿನಲ್ಲಿ ಬಸುರಿಯರಿಗೆ, ಹೆರಿಗೆಯ ನಂತರವೂ ಆರು ತಿಂಗಳು, ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೊಬಯೋಟಿಕ್ ಬ್ಯಾಕ್ಟೀರಿಯಾ ಕೊಟ್ಟು ನೋಡಿದ್ದರು. ಮಕ್ಕಳಿಗೆ ಎರಡು ವರ್ಷವಾದಾಗ ನೋಡಿದರೆ, ಅದನ್ನು ಕೊಡದ ಗುಂಪಿಗಿಂತ ಇಸುಬು ಬಂದ ಮಕ್ಕಳು ಅರ್ಧದಷ್ಟೇ. 2001ರಲ್ಲಿ ಬಂದ ಆ ವರದಿ ಓದಿ ನಾನೂ ಪುಡಿ ಬರೆದುಕೊಟ್ಟವಳೇ. ಆದರೆ ಅದು ಇಸುಬು ಬರದಂತೆ ತಡೆಯುವ ಮಾತು. ಬಂದದ್ದನ್ನು ವಾಸಿಮಾಡುತ್ತದೆಯೇ? 2018ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 39 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಬರೆಯುವುದು ಬಿಟ್ಟೆ.

ನಿಜವಾದ ಗಲಾಟೆ ಇರುವುದು ಚರ್ಮದಲ್ಲಿ. ಇಂಥ ಮಕ್ಕಳ ಚರ್ಮ ಪಸೆ ಹಿಡಿದಿಟ್ಟುಕೊಳ್ಳುವುದಿಲ್ಲ. ಕೆಲವರಿಗೆ ಫಿಲಾಗ್ರಿನ್ ಎಂಬ ಪ್ರೋಟೀನೇ ಕಮ್ಮಿ. ಒಣಗಿ ಬಿರಿದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಂದು ಬೀಡುಬಿಡುತ್ತದೆ. ಇಸುಬಿದ್ದ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಯ ಗಾಯದಲ್ಲಿ ಅದು ಸಿಗುತ್ತದೆ. ಅದು ಬಿಡುವ ಒಂದು ಕಿಣ್ವ ತುರಿಕೆಯ ನರವನ್ನೇ ಕೆಣಕುತ್ತದೆ ಅಂತ 2023ರಲ್ಲಿ ಇಲಿಗಳಲ್ಲಿ ಕಂಡುಕೊಂಡಿದ್ದಾರೆ. ಮಗು ಕೆರೆಯುತ್ತದೆ, ಚರ್ಮ ಇನ್ನಷ್ಟು ಹರಿಯುತ್ತದೆ, ಅದಕ್ಕೆ ಜಾಗ ಜಾಸ್ತಿಯಾಗುತ್ತದೆ.

ಹಾಗಂತ ಸುಮ್ನೆ ಆ್ಯಂಟಿಬಯೋಟಿಕ್ ಕೊಡಬೇಡಿ. ಆರಿಯಸ್ಸನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಚರ್ಮದ ಮೇಲಿವೆ, ಅವೂ ಸಾಯುತ್ತವೆ. ಉರಿಯೂತ ಇಳಿದು ಚರ್ಮ ಕೂಡಿಕೊಂಡರೆ ಆರಿಯಸ್ ತಾನಾಗಿ ಹಿಂದೆ ಸರಿಯುತ್ತದೆ.

ಕಡಲೆಹಿಟ್ಟು ಹಾಕಿ ಉಜ್ಜುವುದು ಬೇಡ. ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷದ ಸ್ನಾನ ಸಾಕು. ಟವೆಲ್ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಕೊಬ್ಬರಿ ಎಣ್ಣೆಯೂ ಆದೀತು. ಕೆಂಪಗಿರುವ ಕಡೆ ವೈದ್ಯರು ಬರೆದ ಸ್ಟಿರಾಯ್ಡ್ ಮುಲಾಮು, ಅವರು ಹೇಳಿದಷ್ಟು ದಿನ. ಹೆದರಿ ಅರ್ಧಕ್ಕೆ ಬಿಡಬೇಡಿ. ಮೂರು ಔಷಧಿ ಒಂದೇ ಟ್ಯೂಬಿನಲ್ಲಿ ಬೆರೆಸಿದ್ದನ್ನು ಅಂಗಡಿಯವರ ಮಾತು ಕೇಳಿ ತರಲೂಬೇಡಿ. ಗಾಯ ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ, ಅವತ್ತೇ ತೋರಿಸಿ.

ಮಗಳ ಉಗುರು ಕತ್ತರಿಸಿದ್ದೀರಾ? ಇವತ್ತು ರಾತ್ರಿ ಮಲಗಿಸುವ ಮುಂಚೆ ಆ ಕೆಲಸ ಮುಗಿಸಿ.