ಡಿಮೆನ್ಷಿಯಾ ಸಂಶೋಧಕರ ಪ್ರಕಟಣೆಗಳನ್ನು ಅಳೆಯುವುದು ಹೇಗೆ?

ಬಳ್ಳಾರಿಯಲ್ಲಿ ವೈದ್ಯಕೀಯ ಓದುತ್ತ ಮಾರ್ಗದರ್ಶಕರನ್ನು ಹುಡುಕುತ್ತಿರುವ ನೀವು ಒಟ್ಟು ಪ್ರಬಂಧಗಳ ಸಂಖ್ಯೆಗೆ ಮರುಳಾಗಬೇಡಿ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಸಂಶೋಧಕರ ಆರ್ಕಿಡ್ (ORCID) ಸಂಖ್ಯೆ, ಅಂದರೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿರುವ 16 ಅಂಕಿಯ ಗುರುತು, ಹಾಕಿ ಹುಡುಕಿ. ಬರೀ ಹೆಸರು ಹಾಕಿದರೆ ಅದೇ ಇನಿಷಿಯಲ್‌ನ ಬೇರೆ ಪಾಟೀಲರು, ರೆಡ್ಡಿಗಳು ಬೆರೆತುಬಿಡುತ್ತಾರೆ. ಆರ್ಕಿಡ್ ಶುರುವಾದದ್ದು 2012ರಲ್ಲಿ. ಹಾಗಾಗಿ ಅದಕ್ಕಿಂತ ಹಳೆಯ ಪ್ರಬಂಧಗಳಿಗೆ ಹೆಸರಿನ ಜೊತೆ ಸಂಸ್ಥೆಯ ಹೆಸರು ಸೇರಿಸಿ.

ಸಾಮಾನ್ಯವಾಗಿ ಮೊದಲ ಲೇಖಕರು ಕೆಲಸ ಮಾಡಿದವರು, ಕೊನೆಯವರು ಪ್ರಯೋಗಾಲಯದ ಮುಖ್ಯಸ್ಥರು. ನಡುವಿನ ಹೆಸರಷ್ಟೇ ನೋಡಿ ಪಾತ್ರ ಊಹಿಸಬೇಡಿ. ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹಂಚಿಕೊಂಡ ಕರಡಿಗೆ, ಅಂದರೆ ಪ್ರೀಪ್ರಿಂಟ್‌ಗೆ, ತಜ್ಞರ ಪರಿಶೀಲನೆ ಆಗಿರುವುದಿಲ್ಲ. ಹಿಂಪಡೆತದ (ರಿಟ್ರ್ಯಾಕ್ಷನ್) ಸೂಚನೆಯನ್ನಂತೂ ನೋಡಲೇಬೇಕು: ಅಲ್ಝೈಮರ್ ಕುರಿತು 2006ರಲ್ಲಿ 'ನೇಚರ್'ನಲ್ಲಿ ಬಂದು ಸಾವಿರಾರು ಸಲ ಉಲ್ಲೇಖಗೊಂಡ, ಮಿದುಳಿನ ಅಮಿಲಾಯ್ಡ್ ಎಂಬ ಪ್ರೋಟೀನ್ ಕುರಿತ ಪ್ರಬಂಧವನ್ನು, ಚಿತ್ರಗಳನ್ನು ತಿರುಚಿದ್ದಕ್ಕಾಗಿ, 2024ರಲ್ಲಿ ಹಿಂಪಡೆಯಲಾಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವಿಧಾನದ ಭಾಗ. ಅಧ್ಯಯನ ಇಲಿಯ ಮೇಲೋ, ಮನುಷ್ಯರ ಮೇಲೋ? ಮನುಷ್ಯರಾದರೆ ಯಾವ ಪರೀಕ್ಷೆ? ನೆನಪು, ಗಮನ ಮುಂತಾದವನ್ನು ಅಳೆಯುವ 30 ಅಂಕಗಳ ಎಂಎಂಎಸ್‌ಇ (MMSE) ಪರೀಕ್ಷೆಯಲ್ಲಿ ಓದುವುದು, ವಾಕ್ಯ ಬರೆಯುವುದು, ಚಿತ್ರ ನಕಲಿಸುವುದು ಇವೆ. ಶಾಲೆ ಕಾಣದ ಕೊಪ್ಪಳದ ಅಜ್ಜಿ ಮಿದುಳು ಚೆನ್ನಾಗಿದ್ದರೂ ಅಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅರಿವಿನ ಪರೀಕ್ಷಾಗುಚ್ಛಕ್ಕೆ ಕನ್ನಡ ರೂಪವಿದೆ. ಶಿಕ್ಷಣಕ್ಕೆ ತಕ್ಕಂತೆ ಅಂಕ ಹೊಂದಿಸಿದ್ದಾರೆಯೇ ಎಂಬುದನ್ನು ಪ್ರತಿ ಪ್ರಬಂಧದಲ್ಲೂ ಹುಡುಕಿ.