ಮಖಮಲ್ಲು ಅಂದರೆ ರೇಷ್ಮೆಯೇ? ಮಲ್ಮಲ್ ಅನ್ನುವುದೂ ಅದನ್ನೇನಾ?

ಎರಡೂ ಅಲ್ಲ. ಅಂಗಡಿಗಳಲ್ಲಿ ಈಗ ವೆಲ್ವೆಟ್ ಅಂತ ಕರೆಯುತ್ತಾರಲ್ಲ, ಅದೇ ಮಖಮಲ್ಲು. ಹಿಂದೆ ಉತ್ತಮ ದರ್ಜೆಯ ಮಖಮಲ್ಲನ್ನು ರೇಷ್ಮೆ ನೂಲಿನಲ್ಲೇ ನೇಯುತ್ತಿದ್ದರು, ಹಾಗಾಗಿ ನಿಮ್ಮ ಅನುಮಾನ ಸಹಜ. ಈಗ ಹತ್ತಿಯದೂ ಸಿಗುತ್ತದೆ, ಪಾಲಿಯೆಸ್ಟರಿನದಂತೂ ಧಾರಾಳ. ನೂಲು ಯಾವುದೇ ಇರಲಿ, ಬಟ್ಟೆಯ ಮೈಮೇಲೆ ಗಿಡ್ಡನೆಯ ಎಳೆಗಳು ಒತ್ತೊತ್ತಾಗಿ ಎದ್ದು ನಿಂತಿರಬೇಕು.

ಪದದ ಮೂಲದಲ್ಲಿರುವುದೂ ಈ ಎಳೆಗಳೇ. ಅರಬ್ಬಿಯಲ್ಲಿ ‘ಖಮ್ಲ್’ ಅಂದರೆ ಬಟ್ಟೆಯ ಮೇಲಿನ ನವಿರು, ‘ಮುಖ್ಮಲ್’ ಅಂದರೆ ನವಿರುಳ್ಳದ್ದು. ಅದು ಫಾರಸಿಯಲ್ಲಿ ‘ಮಖ್ಮಲ್’ ಆಯಿತು. ಖರ್ಚು, ಖಾಲಿಗಳ ಹಾಗೆ ಇದೂ ಆ ಕಡೆಯಿಂದ ಬಂದು ಕನ್ನಡದಲ್ಲಿ ಕೊನೆಗೊಂದು ಉಕಾರ ಅಂಟಿಸಿಕೊಂಡಿತು. ತಮಾಷೆ ಏನೆಂದರೆ, ವೆಲ್ವೆಟ್ ಎಂಬ ಪದದ ಬೇರಾದ ಲ್ಯಾಟಿನ್ನಿನ ‘ವಿಲ್ಲಸ್’ಗೂ ಜೂಲು, ರೋಮ ಅಂತಲೇ ಅರ್ಥ. ಅಷ್ಟೇಕೆ, ಹಳಗನ್ನಡದ ‘ನವಿರ್’ ಅಂದರೂ ಕೂದಲು. ನವಿರೇಳುವುದು ಅಂದಾಗ ಏಳುವುದು ಅದೇ. ಮೃದು ಎಂಬ ಅರ್ಥದಲ್ಲಿ ‘ನವಿರಾದ’ ಅನ್ನುವಾಗ ನಮಗೆ ಅದರ ನೆನಪೇ ಇರುವುದಿಲ್ಲ.

ನೇಯುವಾಗ ಹಾಸು ಎಳೆಗಳ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲುಗಳ, ಜೊತೆಗೆ ಹೆಚ್ಚುವರಿ ನೂಲು ಸೇರಿಸಿ, ಅದನ್ನು ತೆಳು ಸರಳುಗಳ ಮೇಲೆ ಹಾಯಿಸಿ ಕುಣಿಕೆ ಎಬ್ಬಿಸುತ್ತಾರೆ. ಆಮೇಲೆ ಕುಣಿಕೆಯ ನೆತ್ತಿ ಕತ್ತರಿಸಿದರೆ ತುದಿಗಳು ನೆಟ್ಟಗೆ ನಿಲ್ಲುತ್ತವೆ. ಯಂತ್ರಗಳಲ್ಲಾದರೆ ಎರಡು ಬಟ್ಟೆಗಳನ್ನು ಎದುರುಬದುರಾಗಿ ಒಟ್ಟಿಗೇ ನೇಯ್ದು, ನಡುವಿನ ಎಳೆಗಳನ್ನು ಅಲಗಿನಿಂದ ಸೀಳುವುದೂ ಉಂಟು. ಮಖಮಲ್ಲಿನ ಮೇಲೆ ಒಂದು ಕಡೆಗೆ ಕೈಯಾಡಿಸಿ ನೋಡಿ, ಬಣ್ಣ ತಿಳಿಯಾಗಿ ಹೊಳೆಯುತ್ತದೆ. ಎದುರು ದಿಕ್ಕಿಗೆ ಸವರಿದರೆ ಗಾಢವಾಗುತ್ತದೆ. ಅದಕ್ಕೇ ದರ್ಜಿಗಳು ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸುವುದು. ಇಲ್ಲವಾದರೆ ಒಂದೇ ಅಂಗಿಯ ಎರಡು ತೋಳು ಎರಡು ಬಣ್ಣದ್ದಾಗಿ ಕಾಣುತ್ತವೆ. ನೇರವಾಗಿ ಇಸ್ತ್ರಿ ಒತ್ತಿದಿರೋ, ನವಿರು ಮಲಗಿಬಿಡುತ್ತದೆ.

ಮಲ್ಮಲ್ ಬೇರೆಯೇ: ಬಹಳ ತೆಳುವಾದ, ಗಾಳಿಯಾಡುವ ಹತ್ತಿ ಬಟ್ಟೆ, ಮಸ್ಲಿನ್ ಜಾತಿಯದು. ಅದರ ಮೇಲೆ ನವಿರು ಇರುವುದಿಲ್ಲ. ಹೆಸರುಗಳು ಪ್ರಾಸ ಹಾಕಿಕೊಂಡಿವೆ, ಅಷ್ಟೆ.

ಬಳಕೆಯ ವಿಷಯಕ್ಕೆ ಬಂದರೆ ಮಖಮಲ್ಲಿನ ಟೋಪಿ, ಮಖಮಲ್ಲಿನ ದಿಂಬು ನೇರ ಅರ್ಥದವು. ಹೋಲಿಕೆಗೆ ಹಾವಸೆ, ಹುಲ್ಲುಹಾಸು, ದಪ್ಪ ದಳದ ಹೂ ಚೆನ್ನಾಗಿ ಒಗ್ಗುತ್ತವೆ. ದನಿಗೂ ಹೇಳುತ್ತಾರೆ, ಗಾಯಕ ತಲತ್ ಮಹಮೂದ್ ಅವರದು ಮಖಮಲಿ ಕಂಠ ಅಂತಲೇ ಹೆಸರಾಯಿತು. ಆದರೆ ನುಣ್ಣಗೆ ಜಾರುವ ಕೂದಲನ್ನು ಮಖಮಲ್ಲು ಅಂತ ಬರೆದರೆ ನನಗೆ ಒಪ್ಪಿಗೆಯಾಗುವುದಿಲ್ಲ, ಅಲ್ಲಿ ರೇಷ್ಮೆಯೇ ಸರಿ. ಮಾತಿನಲ್ಲಿ ‘ಮಕಮಲ್ಲು’ ಅಂತ ಕೇಳಿಸುವುದುಂಟು, ಬರೆಯುವಾಗ ಮಾತ್ರ ಮಹಾಪ್ರಾಣ ಇರಲಿ.