ಟೇಪ್ ಹೋಗಿಲ್ಲ, ಬ್ಲಾಕ್ ದೊಡ್ಡದಿದೆ

ಪ್ರಶ್ನೆ: ನಮ್ಮ ಸೊಸೈಟಿಯ 2009ರ ಅಡಿಕೆ ಲೆಕ್ಕ ಒಂದು ಎಲ್‌ಟಿಒ-3 (ಮೂರನೇ ತಲೆಮಾರಿನ ಬ್ಯಾಕಪ್) ಟೇಪಿನಲ್ಲಿದೆ. ಸದಸ್ಯರೊಬ್ಬರು ಆಗಿನ ಚಾಲಿ (ಬಿಸಿಲಲ್ಲಿ ಒಣಗಿಸಿದ ಅಡಿಕೆ) ತೂಕದ ಬಗ್ಗೆ ಈಗ ತಕರಾರು ತೆಗೆದಿದ್ದಾರೆ. ಹಳೇ ಎಲ್‌ಟಿಒ-4 ಡ್ರೈವ್ ತಂದು ಲಿನಕ್ಸ್‌ಗೆ ಜೋಡಿಸಿದೆವು. ಬ್ಯಾಕಪ್ ಬಿಚ್ಚುವ ಟಾರ್ ಕಮಾಂಡ್ ಕೊಟ್ಟರೆ ‘ಕೆನಾಟ್ ಅಲೊಕೇಟ್ ಮೆಮೊರಿ’ ಎನ್ನುತ್ತದೆ. ರ‍್ಯಾಮ್ ಹೆಚ್ಚಿಸಿದರೂ ಅದೇ ಕತೆ. ಟೇಪ್ ಹೋಯಿತೇ?
– ಓದುಗರು, ಶಿರಸಿ

ಉತ್ತರ: ರ‍್ಯಾಮಿಗೆ ದುಡ್ಡು ಸುಮ್ನೆ ಹೋಯ್ತು ಮಾರಾಯ್ರೇ. ಆ ಸಂದೇಶ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ನೀವೇನೂ ಹೇಳದಿದ್ದರೆ ಟಾರ್ ಒಂದು ಸಲಕ್ಕೆ 10,240 ಬೈಟ್ ಓದಲು ಜಾಗ ಇಟ್ಟುಕೊಳ್ಳುತ್ತದೆ. ಟೇಪ್ ಬರೆದವರು ಅದಕ್ಕಿಂತ ದೊಡ್ಡ ಬ್ಲಾಕ್ (ಒಂದು ಸಲಕ್ಕೆ ಬರೆಯುವ ತುಂಡು) ಬಳಸಿರುತ್ತಾರೆ. ಬ್ಲಾಕ್ ಹಿಡಿಸದಿದ್ದಾಗ ಬರುವ ದೂರು ಇದು.

ಮೊದಲು ಕಾರ್ಟ್ರಿಜ್ ಅಂಚಿನ ಸಣ್ಣ ಸ್ವಿಚ್ಚನ್ನು ಬೀಗದ ಕಡೆ ಸರಿಸಿ. ಇನ್ನು ಕೈತಪ್ಪಿ ಏನು ಒತ್ತಿದರೂ ಟೇಪಿನ ಮೇಲೆ ಬರೆಯಲಾಗದು. ವಖಾರಿಯ ಥಂಡಿಯಲ್ಲಿದ್ದ ಟೇಪಾದರೆ ಒಂದು ದಿನ ಡ್ರೈವ್ ಇರುವ ಕೋಣೆಯಲ್ಲೇ ಇಡಿ. ನಿಮ್ಮೂರ ಮಳೆಗಾಲದಲ್ಲಂತೂ ಇದನ್ನು ಬಿಡಬೇಡಿ.

ಡಿವೈಸ್ ಹೆಸರು ಎಸ್‌ಟಿ0 ಎಂದು ಕೊಡುತ್ತಿದ್ದೀರಾ? ಎನ್‌ಎಸ್‌ಟಿ0 ಕೊಡಿ. ಎಸ್‌ಟಿ0 ಪ್ರತಿ ಕೆಲಸ ಮುಗಿದ ಕೂಡಲೇ ಟೇಪನ್ನು ಮೊದಲಿಗೆ ಸುತ್ತಿಬಿಡುತ್ತದೆ. ಎನ್‌ಎಸ್‌ಟಿ0 ಹಾಗೆ ಸುತ್ತುವುದಿಲ್ಲ.

ಈಗ ಟೇಪ್ ಡ್ರೈವನ್ನು ನಡೆಸುವ ಎಂಟಿ ಕಮಾಂಡಿನಿಂದ ‘ಸೆಟ್‌ಬಿಎಲ್‌ಕೆ 0’ ಕೊಡಿ. ಬ್ಲಾಕ್ ಎಷ್ಟು ದೊಡ್ಡದಿದ್ದರೂ ಡ್ರೈವ್ ಒಪ್ಪಿಕೊಳ್ಳುತ್ತದೆ. ಆಮೇಲೆ ನಕಲು ಮಾಡುವ ಡಿಡಿ ಕಮಾಂಡಿನಿಂದ ಒಂದೇ ಒಂದು ಬ್ಲಾಕ್ ಎತ್ತಿ: ಬಿಎಸ್ 1ಎಂ, ಕೌಂಟ್ 1, ಔಟ್‌ಪುಟ್ ಒಂದು ಫೈಲಿಗೆ. ಆ ಫೈಲಿನ ಗಾತ್ರ ನೋಡಿ. 65,536 ಬೈಟ್ ಬಂತು ಅಂದುಕೊಳ್ಳಿ. ಟಾರ್ ಎಣಿಸುವುದು 512 ಬೈಟಿನ ಲೆಕ್ಕದಲ್ಲಿ, 512ರಿಂದ ಭಾಗಿಸಿದರೆ 128. ಟೇಪ್ ರಿವೈಂಡ್ ಮಾಡಿ, ಟಾರ್‌ಗೆ ‘ಮೈನಸ್ ಬಿ 128’ ಸೇರಿಸಿ. ನಿಮ್ಮದರಲ್ಲಿ ಬೇರೆ ಸಂಖ್ಯೆ ಬಂದರೆ ಅದನ್ನೇ ಹಾಕಿ.

ಆದರೆ ಎಕ್ಸ್ ಬೇಡ, ಮೊದಲು ಟಿ. ಎಕ್ಸ್ ಫೈಲುಗಳನ್ನು ಹೊರಗೆಳೆಯುತ್ತದೆ, ಟಿ ಬರೀ ಪಟ್ಟಿ ತೋರಿಸುತ್ತದೆ. ಒಂದೇ ಟೇಪಿನಲ್ಲಿ ಹಲವು ಬ್ಯಾಕಪ್ ಕಂತುಗಳು ಸಾಲಾಗಿ ಇರಬಹುದು, ನಿಮಗೆ ಬೇಕಾದದ್ದು ಮೊದಲ ಕಂತಿನಲ್ಲೇ ಇರಬೇಕೆಂದಿಲ್ಲ. ಮೂರನೆಯದಕ್ಕೆ ಹೋಗಲು ರಿವೈಂಡ್ ಮಾಡಿ ‘ಎಂಟಿ ಎಫ್‌ಎಸ್‌ಎಫ್ 2’ ಕೊಡಿ, ‘ಎಂಟಿ ಸ್ಟೇಟಸ್’ ನೋಡಿ. ಫೈಲ್ ನಂಬರ್ 2, ಬ್ಲಾಕ್ ನಂಬರ್ 0 ಬಂದರೆ ಸರಿಯಾದ ಜಾಗ. ಎಣಿಕೆ ಸೊನ್ನೆಯಿಂದ ಶುರು.

ತೆಗೆಯುವಾಗ ಖಾಲಿ ಫೋಲ್ಡರಿನಲ್ಲೇ ತೆಗೆಯಿರಿ. ಅದೇ ಹೆಸರಿನ ಈಗಿನ ಲೆಕ್ಕದ ಫೈಲ್ ಅಲ್ಲಿದ್ದರೆ ಹಳೆಯದು ಅದರ ಮೇಲೆ ಬಂದು ಕೂರುತ್ತದೆ. ಆಮೇಲೆ ತಕರಾರು ಒಬ್ಬ ಸದಸ್ಯರದ್ದಾಗಿ ಉಳಿಯುವುದಿಲ್ಲ! ಹೆಸರನ್ನು ಪಟ್ಟಿಯಲ್ಲಿ ಕಂಡ ಹಾಗೇ ಬರೆಯಿರಿ. ಹೆಸರಿನ ಶುರುವಿನ ಓರೆಗೆರೆಯನ್ನು (/) ಟಾರ್ ಸಾಮಾನ್ಯವಾಗಿ ಕಿತ್ತುಹಾಕಿರುತ್ತದೆ. ನೀವು ಸೇರಿಸಿದರೆ ‘ನಾಟ್ ಫೌಂಡ್’.

ಒಂದು ಮಾತು: ಈ ಡ್ರೈವ್ ಕೈಕೊಟ್ಟರೆ ಹೊಸದೇ ಒಳ್ಳೆಯದೆಂದು ಎಲ್‌ಟಿಒ-6 ತರಬೇಡಿ. ಅದು ಎಲ್‌ಟಿಒ-4ಕ್ಕಿಂತ ಹಳೆಯದನ್ನು ಓದುವುದಿಲ್ಲ. ಎಲ್‌ಟಿಒ-5ರ ತನಕ ಅಡ್ಡಿಯಿಲ್ಲ.

ಪ್ರಶ್ನೆ: ಟೇಪಿನಿಂದ ತೆಗೆದ 2003ರ ಕನ್ನಡ ಪತ್ರಗಳು ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಓದುವಾಗ ಹಾಳಾಯಿತೇ?
– ಓದುಗರು, ಕುಮಟಾ

ಉತ್ತರ: ಇಲ್ಲ. ಯೂನಿಕೋಡ್‌ಗೆ ಮುಂಚಿನ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಿರಬೇಕು. ಆ ಹಳೇ ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ. ಬೇಕಿದ್ದರೆ ಕನ್ವರ್ಟರಿನಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಮೂಲ ಫೈಲನ್ನು ಮಾತ್ರ ಅಳಿಸಬೇಡಿ.